ಹೃದಯವನ್ನು ನೋಡುವ ದೇವರು, ಮೈಬಣ್ಣ ಕೇಳುವ ನಮೂನೆ

ಶಿಕ್ಷಕಿ, ಉಡುಪಿ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಮ್ಮ ಸಭೆಯಲ್ಲಿ ಮದುವೆಗೆ ಬಂದ ಹುಡುಗ ಹುಡುಗಿಯರ ವಿವರಗಳನ್ನು ಬರೆದಿಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ಅದಕ್ಕಾಗಿ ಅಚ್ಚು ಹಾಕಿಸಿದ ನಮೂನೆಯಲ್ಲಿ ವಯಸ್ಸು, ವಿದ್ಯಾಭ್ಯಾಸ, ಉದ್ಯೋಗಗಳ ಕೆಳಗೆ ‘ಮೈಬಣ್ಣ’ ಎಂಬ ಕಾಲಂ ಕೂಡ ಇದೆ. ನಾನು ಸಂಡೇ ಸ್ಕೂಲಿನ ಹಿರಿಯ ತರಗತಿಗೆ ಪಾಠ ಮಾಡುತ್ತೇನೆ. ಇತ್ತೀಚೆಗೆ ಬೈಬಲಿನ 1 ಸಮುವೇಲ 16ನೇ ಅಧ್ಯಾಯ ಬಂದಾಗ, ಮನುಷ್ಯರು ಹೊರಗಿನ ತೋರಿಕೆಯನ್ನು ನೋಡುತ್ತಾರೆ, ದೇವರಾದರೋ ಹೃದಯವನ್ನು ನೋಡುತ್ತಾನೆ ಎಂಬ 7ನೇ ವಚನವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆ. ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಎರಡು ಪ್ರಶ್ನೆ ಕೇಳಿದಳು. ದೇವರು ರೂಪವನ್ನು ನೋಡುವುದಿಲ್ಲವಾದರೆ, ಮುಂದೆ 12ನೇ ವಚನದಲ್ಲಿ ದಾವೀದನು ಕೆಂಪು ಮೈಬಣ್ಣದವನೂ ಸುಂದರ ನೇತ್ರಗಳುಳ್ಳವನೂ ಆಗಿದ್ದನೆಂದು ಏಕೆ ಬರೆದಿದೆ? ನಮ್ಮ ಸಭೆಯೇ ಈ ವಚನವನ್ನು ಕಲಿಸುತ್ತಿರುವಾಗ, ನಮ್ಮ ಅಕ್ಕಂದಿರ ಮದುವೆಯ ನಮೂನೆಯಲ್ಲಿ ಮೈಬಣ್ಣವನ್ನು ಏಕೆ ಕೇಳುತ್ತಾರೆ?

ಎರಡನೆಯ ಪ್ರಶ್ನೆಯನ್ನು ಸಭಾ ಸಮಿತಿಯ ಮುಂದೆ ಇಡಬೇಕೆಂದಿದ್ದೇನೆ. ಆದರೆ ಮೊದಲನೆಯದಕ್ಕೆ ಸರಿಯಾದ ಉತ್ತರವಿಲ್ಲದೆ ಎರಡನೆಯದನ್ನು ಎತ್ತುವುದು ಸರಿಯಲ್ಲವೆನಿಸಿ ಇಲ್ಲಿ ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ನಿವೃತ್ತ ಸಭಾಪಾಲಕ, ಧಾರವಾಡ

ಸಹೋದರಿ, ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು. ಆ ವಚನವನ್ನು ಅದರ ಕಥೆಯಿಂದ ಬಿಡಿಸಿ ಗೋಡೆಗೆ ತೂಗುಹಾಕುವ ಅಭ್ಯಾಸ ನಮ್ಮಲ್ಲಿ ಬೆಳೆದಿರುವುದರಿಂದ ಇಂತಹ ಪ್ರಶ್ನೆ ಹಿರಿಯರಿಗೆ ಹೊಳೆಯುವುದೇ ಇಲ್ಲ. ಕಥೆಯನ್ನು ಮೊದಲಿನಿಂದ ಓದಿದರೆ ಸಮುವೇಲನ ಎರಡೂ ಗ್ರಂಥಗಳಲ್ಲಿ ಈ ವಿಷಯ ಒಂದು ಎಳೆಯಾಗಿ ಹರಿದುಬಂದಿರುವುದು ಕಾಣುತ್ತದೆ.

ಮೊದಲು ಇಸ್ರಾಯೇಲ್ಯರ ಮೊದಲ ಅರಸ ಸೌಲನನ್ನು ನೋಡಿ. 9ನೇ ಅಧ್ಯಾಯದಲ್ಲಿ ಅವನು ಪರಿಚಯವಾಗುವುದೇ ಇಸ್ರಾಯೇಲ್ಯರಲ್ಲೆಲ್ಲ ಸುಂದರನೆಂದೂ ಉಳಿದವರು ಅವನ ಭುಜದ ಎತ್ತರಕ್ಕೂ ಮೀರುತ್ತಿರಲಿಲ್ಲವೆಂದೂ. 10ನೇ ಅಧ್ಯಾಯದಲ್ಲಿ ಜನರು ಅರಸನಿಗೆ ಜಯಘೋಷ ಮಾಡುವ ಮೊದಲು ಆ ಎತ್ತರದ ಮಾತೇ ಮತ್ತೆ ಬರುತ್ತದೆ. ಆ ಎತ್ತರದ ಅರಸನು ದೇವರ ಮಾತನ್ನು ಮೀರಿ ತಳ್ಳಲ್ಪಟ್ಟ ಮೇಲೆಯೇ ಪ್ರವಾದಿ ಸಮುವೇಲನು ಹೊಸ ಅರಸನನ್ನು ಆರಿಸಲು ಬೇತ್ಲೆಹೇಮಿನ ಇಷಯನ ಮನೆಗೆ ಹೋಗುತ್ತಾನೆ. ಹಿರಿಯ ಮಗ ಎಲೀಯಾಬನನ್ನು ಕಂಡ ಕೂಡಲೇ ಇವನೇ ಇರಬೇಕೆಂದುಕೊಳ್ಳುತ್ತಾನೆ. ಸೌಲನ ವಿಷಯದಲ್ಲಿ ಇಡೀ ಜನಾಂಗ ಎಡವಿದ ಅದೇ ಕಲ್ಲನ್ನು ಪ್ರವಾದಿಯೂ ಎಡವುತ್ತಾನೆ. ‘ಅವನ ಎತ್ತರವನ್ನು ನೋಡಬೇಡ’ ಎಂಬ ಮಾತು ಬರುವುದು ಆಗ. ಸುಂದರವಾಗಿರುವುದು ತಪ್ಪೆಂದು ದೇವರು ಅಲ್ಲಿ ಹೇಳುತ್ತಿಲ್ಲ, ‘ನಿನ್ನ ಕಣ್ಣಿನ ತೀರ್ಪನ್ನು ನಂಬಬೇಡ’ ಎಂದು ಪ್ರವಾದಿಗೇ ಹೇಳುತ್ತಿದ್ದಾನೆ. ಆದ್ದರಿಂದ ಕೊನೆಗೆ ಆರಿಸಲ್ಪಟ್ಟ ಕಿರಿಯ ಮಗ ದಾವೀದನು ಚೆಲುವನಾಗಿದ್ದನೆಂಬ 12ನೇ ವಚನವು 7ನೇ ವಚನಕ್ಕೆ ವಿರೋಧವಾಗುವುದಿಲ್ಲ. ಚೆಲುವು ಅವನನ್ನು ಆರಿಸಲು ಕಾರಣವಾಗಲಿಲ್ಲ, ತಿರಸ್ಕರಿಸಲೂ ಕಾರಣವಾಗಲಿಲ್ಲ.

ಮುಂದಿನ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಯಾರೂ ಪ್ರಸಂಗದಲ್ಲಿ ಎತ್ತುವುದಿಲ್ಲ. 17:28ರಲ್ಲಿ, ಅಣ್ಣಂದಿರಿಗೆ ಊಟ ತಂದ ದಾವೀದನನ್ನು ನೋಡಿ ಎಲೀಯಾಬನು ಕೋಪಗೊಂಡು, ನಿನ್ನ ಸೊಕ್ಕನ್ನೂ ನಿನ್ನ ಹೃದಯದ ಕೆಟ್ಟತನವನ್ನೂ ನಾನು ಬಲ್ಲೆ ಎನ್ನುತ್ತಾನೆ. ಹೃದಯವನ್ನು ದೇವರೊಬ್ಬನೇ ನೋಡುತ್ತಾನೆಂದು ಹಿಂದಿನ ಅಧ್ಯಾಯದಲ್ಲಿ ಕೇಳಿದ ನಮಗೆ, ಈಗ ಒಬ್ಬ ಮನುಷ್ಯನು ತಮ್ಮನ ಹೃದಯವನ್ನು ತಾನು ಕಂಡಿದ್ದೇನೆಂದು ಹೇಳುವುದು ಕೇಳಿಸುತ್ತದೆ, ಅದೂ ಪೂರ್ತಿ ತಪ್ಪಾಗಿ. ಹೊರಗಿನದನ್ನು ನೋಡಿ ಮೆಚ್ಚುವುದು ಒಂದು ತಪ್ಪಾದರೆ, ಒಳಗಿನದನ್ನು ಕಂಡೆನೆಂದು ತೀರ್ಪು ಕೊಡುವುದು ಅದಕ್ಕಿಂತ ದೊಡ್ಡ ತಪ್ಪೆಂದು ನನಗೆ ತೋರುತ್ತದೆ.

ದಾವೀದನ ಕಥೆಯೂ ಅಲ್ಲಿಗೆ ನಿಲ್ಲುವುದಿಲ್ಲ. ಹೃದಯವನ್ನು ನೋಡಿ ಆರಿಸಲ್ಪಟ್ಟ ಅದೇ ಮನುಷ್ಯನು 2 ಸಮುವೇಲ 11ರಲ್ಲಿ ಅರಮನೆಯ ಮಾಳಿಗೆಯ ಮೇಲಿಂದ ಒಬ್ಬ ಸ್ತ್ರೀಯನ್ನು ನೋಡುತ್ತಾನೆ, ಅವಳು ಬಹಳ ಸುಂದರಿಯಾಗಿದ್ದಳೆಂದು ಗ್ರಂಥ ಹೇಳುತ್ತದೆ, ಮತ್ತು ಆ ಒಂದು ನೋಟದಿಂದ ಅವಳ ಗಂಡ ಊರೀಯನ ಕೊಲೆಯವರೆಗೆ ನಡೆಯುತ್ತದೆ. ಅವನ ಮಗ ಅಬ್ಷಾಲೋಮನಿಗೆ ಅಂಗಾಲಿನಿಂದ ನಡುನೆತ್ತಿಯವರೆಗೆ ಒಂದು ಕುಂದೂ ಇರಲಿಲ್ಲ, ಅವನ ತಲೆಗೂದಲು ಅರಸನ ತೂಕದಲ್ಲಿ 200 ಶೆಕೆಲ್ ತೂಗುತ್ತಿತ್ತು. ತಂದೆಗೆ ತಿರುಗಿಬಿದ್ದ ಅವನ ಹಿಂದೆ ಇಡೀ ನಾಡು ಹೋಯಿತು, ಕೊನೆಗೆ ಮರದ ಕೊಂಬೆಗಳಿಗೆ ತಲೆ ಸಿಕ್ಕಿ ತೂಗಾಡುತ್ತಿದ್ದಾಗ ಅವನು ಸತ್ತ. ಊರೀಯನ ಆ ಪ್ರಸಂಗದ ಬಳಿಕ, ಶುದ್ಧ ಹೃದಯವನ್ನು ನನ್ನಲ್ಲಿ ನಿರ್ಮಿಸು ಎಂದು 51ನೇ ಕೀರ್ತನೆಯಲ್ಲಿ ಬೇಡುವವನು ದಾವೀದನೇ. ಒಮ್ಮೆ ಒಳ್ಳೆಯದೆಂದು ಕಂಡ ಹೃದಯವನ್ನೂ ಮತ್ತೆ ನಿರ್ಮಿಸಿಕೊಡೆಂದು ಬೇಡಬೇಕಾಗುತ್ತದೆ. ನಿಮ್ಮ ವಿದ್ಯಾರ್ಥಿನಿಗೆ ಈ ಕಥೆಯನ್ನು ಪೂರ್ತಿಯಾಗಿ ಓದಲು ಕೊಡಿ.

ಓದುಗಾರ್ತಿ, ಬೆಂಗಳೂರು

ಅಯ್ಯನವರ ವಿವರಣೆಗೆ ಧನ್ಯವಾದಗಳು. ಆದರೆ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಲೇಬೇಕು. ಒಳಗಿನ ಸೌಂದರ್ಯದ ಬೋಧನೆ ನಮ್ಮ ಸಭೆಗಳಲ್ಲಿ ಬಹುತೇಕ ಹೆಣ್ಣುಮಕ್ಕಳಿಗೇ ಮೀಸಲಾಗಿದೆ. ಜಡೆ, ಬಂಗಾರಗಳ ಹೊರಗಿನ ಅಲಂಕಾರ ಬೇಡ, ಒಳಗಿನ ಶಾಂತ ಮನಸ್ಸೇ ಅಲಂಕಾರವಾಗಿರಲಿ ಎಂಬ 1 ಪೇತ್ರ 3:3-4ನ್ನು ಸ್ತ್ರೀಯರ ಕೂಟದಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ, ಪುರುಷರ ಕೂಟದಲ್ಲಿ ಅದೇ ಪತ್ರಿಕೆಯ 5:5ನ್ನು, ಅಂದರೆ ಎಲ್ಲರೂ ದೀನತೆಯನ್ನು ತೊಟ್ಟುಕೊಳ್ಳಿರೆಂಬ ಮಾತನ್ನು, ಅಷ್ಟೇ ಒತ್ತಿ ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ?

ಆ ಪತ್ರಿಕೆ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ರೋಮನ್ ಪ್ರಾಂತ್ಯಗಳಲ್ಲಿ ಚದರಿಹೋಗಿದ್ದ ವಿಶ್ವಾಸಿಗಳಿಗೆ ಬರೆದದ್ದು. ಆ ಕಾಲದ ಶ್ರೀಮಂತ ರೋಮನ್ ಹೆಂಗಸರು ಕೂದಲನ್ನು ಹಲವು ಜಡೆಗಳಾಗಿ ಹೆಣೆಸಿ, ಸುತ್ತಿ, ಎತ್ತರಕ್ಕೆ ಕಟ್ಟಿಸಿಕೊಳ್ಳುತ್ತಿದ್ದರು, ಅದನ್ನು ಕಟ್ಟುತ್ತಿದ್ದವರು ಮನೆಯ ದಾಸಿಯರು. ಅದೇ ಪತ್ರಿಕೆಯ 2ನೇ ಅಧ್ಯಾಯದಲ್ಲಿ ದಾಸರನ್ನು ಉದ್ದೇಶಿಸಿ ಮಾತಾಡಿರುವುದರಿಂದ ಸಭೆಯಲ್ಲಿ ದಾಸದಾಸಿಯರೂ ಇದ್ದರೆಂದು ತಿಳಿಯುತ್ತದೆ. ಜಡೆ ಹಾಕಿಸಿಕೊಂಡವಳೂ ಜಡೆ ಹಾಕಿದವಳೂ ಒಂದೇ ಸಭೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತಿದ್ದರೆ ಆ ಮಾತು ಇಬ್ಬರಿಗೂ ಹೇಗೆ ಕೇಳಿಸಿರಬೇಕೆಂದು ನಾನು ಯೋಚಿಸುತ್ತೇನೆ. ಅಂತಸ್ತನ್ನು ತಲೆಯ ಮೇಲೆ ಹೊತ್ತು ತೋರಿಸಬೇಡಿರೆಂಬ ಮಾತು ಅದು ಎಂದು ನಾನು ಓದುತ್ತೇನೆ. ಇಂದು ಅದೇ ಮಾತನ್ನು ಕಾಲೇಜಿಗೆ ಹೋಗುವ ಹುಡುಗಿ ಕೂದಲು ಕತ್ತರಿಸಿಕೊಂಡದ್ದಕ್ಕೆ ಬೈಯಲು ಬಳಸುತ್ತೇವೆ, ಮದುವೆಯಲ್ಲಿ ಸೊಸೆಯ ಮೈಮೇಲೆ ಎಷ್ಟು ಬಂಗಾರವಿರಬೇಕೆಂದು ಮಾತುಕತೆ ನಡೆಯುವಾಗ ಮಾತ್ರ ಬಳಸುವುದಿಲ್ಲ.

ಮೈಬಣ್ಣದ ಕಾಲಂ ವಿಷಯಕ್ಕೆ ಬಂದರೆ, ಬೈಬಲಿನ ಅರಣ್ಯಕಾಂಡ 12ನ್ನು ಓದಿ. ಮೋಶೆಯು ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದದ್ದಕ್ಕೆ ಅವನ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಅವನ ವಿರುದ್ಧ ಮಾತಾಡಿದರು. ಅವರ ಆಕ್ಷೇಪ ಅವಳ ಬಣ್ಣದ ಕುರಿತೇ ಆಗಿತ್ತೆಂದು ಗ್ರಂಥ ಹೇಳುವುದಿಲ್ಲ, ಹಾಗೆ ನಾನೂ ಹೇಳುವುದಿಲ್ಲ. ಆದರೆ ಕೂಷ್ ಎಂಬುದು ಈಜಿಪ್ಟಿನ ದಕ್ಷಿಣದ ನಾಡು, ಅಲ್ಲಿಯವರ ಚರ್ಮದ ಬಣ್ಣವನ್ನು ಯೆರೆಮೀಯನು ತನ್ನ ಗ್ರಂಥದಲ್ಲಿ ಪ್ರಸ್ತಾಪಿಸುತ್ತಾನೆ. ಮಿರ್ಯಾಮಳಿಗೆ ಬಂದ ಶಿಕ್ಷೆಯೆಂದರೆ ಅವಳ ಚರ್ಮ ತೊನ್ನಿನಿಂದ ಹಿಮದಂತೆ ಬಿಳುಪಾದದ್ದು. ಬಿಳುಪೇ ಶ್ರೇಷ್ಠವೆಂದು ಭಾವಿಸುವ ಯಾವ ಸಭೆಯೂ ಈ ಅಧ್ಯಾಯವನ್ನು ನಿಶ್ಚಿಂತೆಯಿಂದ ಓದಲಾರದು.

ವಿಶ್ವಾಸಿ, ಶಿವಮೊಗ್ಗ

ಪ್ರಿಯ ಸಹೋದರ ಸಹೋದರಿಯರೇ, ನಮ್ಮದು ಪೆಂತೆಕೊಸ್ತ್ ಸಭೆ. ನಮ್ಮಲ್ಲಿ ದೀಕ್ಷಾಸ್ನಾನ ಪಡೆದವರು ಒಡವೆ ತೊಡುವುದಿಲ್ಲ, ಮದುವೆಯ ದಿನವೂ ಇಲ್ಲ. ಹೊರಗಿನವರು ಇದನ್ನು ಬರೀ ಕಟ್ಟುಪಾಡೆಂದು ತಿಳಿಯುತ್ತಾರಾದ್ದರಿಂದ ಅದರ ಹಿಂದಿನ ಅನುಭವವನ್ನು ಬರೆಯುತ್ತೇನೆ. ನನ್ನ ತಾಯಿ ಕೂಲಿ ಮಾಡಿ ನಮ್ಮನ್ನು ಸಾಕಿದರು. ಅವರು ಮೊದಲು ಹೋಗುತ್ತಿದ್ದ ಕಡೆಯಲ್ಲೆಲ್ಲ ಬರಿಗೊರಳಿನವರಾಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಈ ಸಭೆಗೆ ಬಂದಾಗ ಎಲ್ಲರ ಕೊರಳೂ ಬರಿದಾಗಿದ್ದುದರಿಂದ, ಯಾರು ಬಡವರು ಯಾರು ಶ್ರೀಮಂತರು ಎಂಬುದು ಕೂಡಲೇ ಗೊತ್ತಾಗಲಿಲ್ಲವೆಂದು ಅವರು ಈಗಲೂ ಹೇಳುತ್ತಾರೆ. ನನ್ನ ತಂಗಿಯರ ಮದುವೆಗೆ ನಾವು ಬಂಗಾರಕ್ಕಾಗಿ ಸಾಲ ಮಾಡಬೇಕಾಗಲಿಲ್ಲ. ಒಳಗಿನ ಗುಣವೇ ಮುಖ್ಯವೆಂದು ಬಾಯಲ್ಲಿ ಹೇಳಿ ಹೊರಗಿನ ಎಲ್ಲವನ್ನೂ ಮೊದಲಿನಂತೆಯೇ ಇಟ್ಟುಕೊಂಡರೆ ಬಡವರಿಗೆ ಏನೂ ಸಿಗುವುದಿಲ್ಲ. ಹೊರಗೆ ಒಂದು ನಿಯಮವಿದ್ದದ್ದರಿಂದ ನನ್ನ ತಾಯಿಗೆ ಗೌರವ ಸಿಕ್ಕಿತು. ಇದನ್ನು ಹಗುರವಾಗಿ ನೋಡಬಾರದೆಂದು ವಿನಂತಿ.

ಶಿಕ್ಷಕಿ, ಉಡುಪಿ

ಸಹೋದರರೇ, ನಿಮ್ಮ ತಾಯಿಯವರ ಮಾತು ನನ್ನ ಮನಸ್ಸಿಗೆ ಬಹಳ ನಾಟಿತು. ನಾವು ಒಡವೆ ತೊಡುವ ಸಭೆಯವರು, ಆದರೂ ಈ ದೃಷ್ಟಿಯಿಂದ ನಿಮ್ಮ ನಿಯಮವನ್ನು ನಾನು ನೋಡಿರಲಿಲ್ಲ. ಒಂದು ಸಂದೇಹ ಮಾತ್ರ ಉಳಿಯುತ್ತದೆ. ಮತ್ತಾಯ 6:16-18ರಲ್ಲಿ ಕರ್ತನಾದ ಯೇಸು, ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳದೆ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕೆಂದು ಹೇಳುತ್ತಾನೆ. ಭಕ್ತಿಯ ಬಾಡಿದ ಮುಖವೂ ಒಂದು ಪ್ರದರ್ಶನವಾಗಬಹುದೆಂದು ಅವನಿಗೆ ಗೊತ್ತಿತ್ತು. ಬರಿಗೊರಳೂ ಹಾಗಾಗುವ ಅಪಾಯವಿಲ್ಲವೇ? ಒಡವೆ ತೊಟ್ಟು ಬಂದ ಹೊಸಬಳನ್ನು ನಿಮ್ಮ ಸಭೆಯಲ್ಲಿ ಹೇಗೆ ನೋಡುತ್ತಾರೆ?

ವಿಶ್ವಾಸಿ, ಶಿವಮೊಗ್ಗ

ಅಪಾಯವಿದೆ, ಅಕ್ಕಾ. ಹೊಸಬರನ್ನು ಕೊರಳು ನೋಡಿ ಅಳೆಯುವವರು ನಮ್ಮಲ್ಲಿಯೂ ಇದ್ದಾರೆ, ಪಾಸ್ಟರ್ ಅದರ ಬಗ್ಗೆ ಎಚ್ಚರಿಸುತ್ತಿರುತ್ತಾರೆ. ಒಡವೆ ಇಲ್ಲದಿದ್ದರೂ ಸೀರೆಯ ಬೆಲೆಯಲ್ಲಿ, ಕಾರಿನಲ್ಲಿ ಪೈಪೋಟಿ ಮತ್ತೆ ಒಳಗೆ ಬರುತ್ತದೆ ಎಂಬುದೂ ನಿಜ. ಆದರೂ ನಿಯಮವಿಲ್ಲದಿರುವುದಕ್ಕಿಂತ ಇರುವುದೇ ಬಡವರಿಗೆ ಹಿತವೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಥೋಲಿಕ, ಮಂಗಳೂರು

ಚರ್ಚೆ ಒಡವೆಯ ಕಡೆಗೆ ತಿರುಗಿರುವುದರಿಂದ ನಮ್ಮ ಪರಂಪರೆಯ ದೃಷ್ಟಿಯನ್ನೂ ಸೇರಿಸುತ್ತೇನೆ. ಸೌಂದರ್ಯವನ್ನೇ ಸಂಶಯದಿಂದ ನೋಡುವುದು ನಮಗೆ ಒಗ್ಗುವುದಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲನ್ನು ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಜೆಸ್ವಿಟ್ ಎಂಬ ಕಥೋಲಿಕ ಧಾರ್ಮಿಕ ಸಂಘಕ್ಕೆ ಸೇರಿದ ಇಟಲಿಯ ಸಹೋದರ ಅಂತೋನಿಯೊ ಮೊಸ್ಕೆನಿ 1900ರ ಆಸುಪಾಸಿನಲ್ಲಿ ಅದರ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ದೇವರಿಗೆ ಅರ್ಪಿಸುವ ಕೆಲಸ ಚೆಂದವಾಗಿರಬೇಕೆಂಬುದು ಅಲ್ಲಿಯ ಭಾವನೆ.

ಆದರೆ ಅದೇ ಊರಿನಲ್ಲಿ, ಅದೇ ಜೆಸ್ವಿಟ್ ಸಂಘಕ್ಕೆ ಸೇರಿದ ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿ, ಮುಂದೆ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯ ಕಟ್ಟಿಸಿದರು. ಕುಷ್ಠರೋಗವೆಂದರೆ ಆ ಕಾಲದಲ್ಲಿ ಮನುಷ್ಯನ ರೂಪವನ್ನೇ ಕಿತ್ತುಕೊಳ್ಳುತ್ತಿದ್ದ ರೋಗ. ಮನೆಯವರೂ ಮುಖ ನೋಡಲು ಹಿಂಜರಿಯುತ್ತಿದ್ದವರನ್ನು ಕರೆದು ಗಾಯ ತೊಳೆಯುವ ಮನೆ ಆ ಚಿತ್ರಗಳಿರುವ ಚಾಪೆಲ್ಲಿನಿಂದ ಹೆಚ್ಚು ದೂರದಲ್ಲಿರಲಿಲ್ಲ. ಎರಡೂ ಒಂದೇ ನಂಬಿಕೆಯಿಂದ ಬಂದವು. ಮೊದಲನೆಯದನ್ನು ಮಾತ್ರ ಇಟ್ಟುಕೊಂಡು ಎರಡನೆಯದನ್ನು ಬಿಟ್ಟಿದ್ದರೆ ಆ ಚಿತ್ರಗಳು ಬರೀ ಬಣ್ಣವಾಗುತ್ತಿದ್ದವು. 4ನೇ ಶತಮಾನದ ಸಂತ ಜಾನ್ ಕ್ರಿಸೊಸ್ತಮರು ಮತ್ತಾಯನ ಸುವಾರ್ತೆಯ ಮೇಲಿನ ತಮ್ಮ ಪ್ರಬೋಧನೆಯೊಂದರಲ್ಲಿ ಇದನ್ನೇ ಕಟುವಾಗಿ ಕೇಳಿದ್ದಾರೆ. ಕ್ರಿಸ್ತನ ಪೀಠವನ್ನು ರೇಷ್ಮೆಯಿಂದ ಹೊದಿಸಿ, ಬಡವನ ರೂಪದಲ್ಲಿ ಹೊರಗೆ ಬಟ್ಟೆಯಿಲ್ಲದೆ ಚಳಿಯಲ್ಲಿ ನಡುಗುವ ಕ್ರಿಸ್ತನನ್ನು ಹಾಗೆಯೇ ಬಿಡುವುದರಿಂದ ಅವನಿಗೇನು ಗೌರವ ಎಂಬುದು ಅವರ ಪ್ರಶ್ನೆಯ ಸಾರ. ಅಲಂಕಾರ ಬೇಡವೆಂದು ಅವರು ಹೇಳಲಿಲ್ಲ, ಮೊದಲು ಹಸಿದವನಿಗೆ ಊಟ ಕೊಟ್ಟು ಆಮೇಲೆ ಪೀಠವನ್ನು ಅಲಂಕರಿಸಿರೆಂದರು.

ಹೀಗಿರುವಾಗ ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದದ ದಿನ ಬಿಳಿ ಉಡುಪಿಗೂ ಹಾಲ್‌ಗೂ ಆಗುತ್ತಿರುವ ಖರ್ಚು ನನ್ನನ್ನು ಚಿಂತೆಗೀಡುಮಾಡುತ್ತದೆ. ಬಿಳಿ ಉಡುಪು ಜ್ಞಾನಸ್ನಾನದ ಶುದ್ಧತೆಯನ್ನು ನೆನಪಿಸುವುದಕ್ಕಾಗಿ ಇರುವುದು. ಮಗುವಿಗೆ ಅದರ ನೆನಪಿಗಿಂತ ಪಕ್ಕದವಳ ಉಡುಪಿನ ನೆನಪೇ ಉಳಿದರೆ ನಾವು ಕಲಿಸಿದ್ದೇನು? ಕೆಲವು ಕಡೆ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸರಳ ಉಡುಪೆಂದು ನಿರ್ಧರಿಸಿದ್ದಾರೆ. ಶಿವಮೊಗ್ಗದ ಸಹೋದರರು ಹೇಳಿದ್ದಕ್ಕೆ ಇದು ಹತ್ತಿರವಾಗಿದೆ, ನನಗೆ ಸರಿಯೆನಿಸುತ್ತದೆ.

ಎಂಜಿನಿಯರ್, ಕುವೈತ್

ಎಲ್ಲರ ಬರಹಗಳನ್ನೂ ಓದಿದೆ. ನನಗೀಗ ಮನೆಯವರು ಹೆಣ್ಣು ನೋಡುತ್ತಿದ್ದಾರೆ, ಆದ್ದರಿಂದ ಇದು ನನಗೆ ಬರೀ ಚರ್ಚೆಯಲ್ಲ. ದೂರದಲ್ಲಿರುವ ನನಗೆ ಬರುವುದು ಫೋಟೋ, ಎತ್ತರ, ಬಣ್ಣ, ಸಂಬಳ ಇಷ್ಟೇ. ಹೃದಯವನ್ನು ದೇವರೊಬ್ಬನೇ ನೋಡಬಲ್ಲನೆಂದೂ, ನೋಡಿದೆನೆಂದು ಹೇಳಿಕೊಳ್ಳುವುದು ಎಲೀಯಾಬನ ತಪ್ಪೆಂದೂ ಅಯ್ಯನವರು ಬರೆದಿದ್ದಾರೆ. ಹಾಗಾದರೆ ನನ್ನಂಥವನು ಏನನ್ನು ನೋಡಿ ನಿರ್ಧರಿಸಬೇಕು? ಕಾಲಂ ತೆಗೆದರೂ ಫೋಟೋ ಇದ್ದೇ ಇರುತ್ತದಲ್ಲ? ನಾನು ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ನಿವೃತ್ತ ಸಭಾಪಾಲಕ, ಧಾರವಾಡ

ತಮ್ಮಾ, ನಿಮ್ಮ ಪ್ರಶ್ನೆಗೆ ಆದಿಕಾಂಡ 29ರಿಂದ ಆರಂಭಿಸುತ್ತೇನೆ. ರಾಹೇಲಳು ರೂಪವತಿ, ಲೇಯಳ ಕಣ್ಣುಗಳು ಕಾಂತಿಯಿಲ್ಲದವು. ಯಾಕೋಬನು ರಾಹೇಲಳಿಗಾಗಿ ಏಳು ವರ್ಷ ದುಡಿದ, ಮೋಸದಿಂದ ಲೇಯಳು ಸಿಕ್ಕಿದಳು, ಮತ್ತೆ ಏಳು ವರ್ಷ ದುಡಿದ. ಲೇಯಳು ತನಗೆ ಮಗುವಾದಾಗಲೆಲ್ಲ ಈಗಲಾದರೂ ಗಂಡ ನನ್ನನ್ನು ಪ್ರೀತಿಸುವನೆಂದು ಹಂಬಲಿಸಿದಳು, ನಾಲ್ಕನೆಯ ಮಗ ಹುಟ್ಟಿದಾಗ ಆ ಹಂಬಲವನ್ನು ಬಿಟ್ಟು ದೇವರನ್ನು ಸ್ತುತಿಸಿ ಅವನಿಗೆ ಯೆಹೂದನೆಂದು ಹೆಸರಿಟ್ಟಳು. ದಾವೀದನು ಬಂದದ್ದು ಆ ಯೆಹೂದನ ಸಂತತಿಯಲ್ಲಿ, ಕರ್ತನಾದ ಯೇಸು ಬಂದದ್ದೂ ಅದೇ ಸಂತತಿಯಲ್ಲಿ. ಯಾಕೋಬನು ಸಾಯುವಾಗ ತನ್ನನ್ನು ಮಕ್ಪೇಲದ ಗವಿಯಲ್ಲಿ, ತಾನು ಲೇಯಳನ್ನು ಹೂಣಿಟ್ಟಲ್ಲಿಯೇ ಹೂಣಿಡಬೇಕೆಂದು ಕೇಳಿಕೊಂಡ. ಇಷ್ಟೆಲ್ಲ ವರ್ಷ ಅವಳ ಪಕ್ಕದಲ್ಲೇ ಇದ್ದು ಅವಳನ್ನು ಅವನು ಯಾವಾಗ ನಿಜವಾಗಿ ನೋಡಿದನೋ ಗ್ರಂಥ ಹೇಳುವುದಿಲ್ಲ.

ನಿಮಗೆ ಹೃದಯ ಕಾಣುವುದಿಲ್ಲ, ನಿಜ. ಆದರೆ ನಡತೆ ಕಾಣುತ್ತದೆ. ಮರವನ್ನು ಫಲದಿಂದ ತಿಳಿಯಬೇಕೆಂದು ಕರ್ತನೇ ಮತ್ತಾಯ 7ರಲ್ಲಿ ಹೇಳಿದ್ದಾನೆ, ಮತ್ತು ಫಲ ಕಾಣಲು ಕಾಲ ಹಿಡಿಯುತ್ತದೆ. ಆದ್ದರಿಂದ ಅವಸರ ಮಾಡಬೇಡಿ. ರಜೆಯಲ್ಲಿ ಬಂದು ಒಂದು ಸಂಜೆ ಹೆಣ್ಣು ನೋಡಿ, ಅದೇ ವಾರ ನಿಶ್ಚಯ ಮಾಡಿಕೊಂಡು ಹೋಗುವ ಪದ್ಧತಿಯಲ್ಲಿ ಫೋಟೋದ ಹೊರತು ಬೇರೇನನ್ನೂ ನೋಡಲು ಸಮಯವಿರುವುದಿಲ್ಲ. ಮಾತಾಡಿ. ಆ ಹುಡುಗಿ ಮನೆಯ ಕೆಲಸದವರೊಡನೆ, ಕಾಯಿಲೆಯ ಅಜ್ಜಿಯೊಡನೆ, ತನಗೆ ಯಾವ ಉಪಕಾರವನ್ನೂ ಮಾಡಲಾಗದವರೊಡನೆ ಹೇಗಿರುತ್ತಾಳೆಂದು ತಿಳಿಯಿರಿ. ಅವಳಿಗೂ ನಿಮ್ಮ ವಿಷಯದಲ್ಲಿ ಇದನ್ನೇ ವಿಚಾರಿಸುವ ಹಕ್ಕು ಇದೆ, ಅದಕ್ಕೆ ಅವಕಾಶ ಮಾಡಿಕೊಡಿ. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯ (ಇವನು ಬೇರೆ ಯಾಕೋಬ) 2ನೇ ಅಧ್ಯಾಯದಲ್ಲಿ ಬಂಗಾರದ ಉಂಗುರದವನಿಗೆ ಒಳ್ಳೆಯ ಸ್ಥಳವನ್ನೂ ಹರಕು ಬಟ್ಟೆಯವನಿಗೆ ಕಾಲಬಳಿಯ ನೆಲವನ್ನೂ ತೋರಿಸಿದವರ ಅಂತರಂಗವನ್ನು ಆ ಒಂದು ಕೈಸನ್ನೆಯೇ ಬಯಲುಮಾಡಿತು.

ಫೋಟೋ ನೋಡಿದರೆ ಪಾಪವಿಲ್ಲ. ಮುಖ ಹಿಡಿಸುವುದೂ ಹಿಡಿಸದಿರುವುದೂ ಸಹಜ, ಅದನ್ನು ಸುಳ್ಳು ಭಕ್ತಿಯಿಂದ ಮುಚ್ಚಿಡುವ ಅಗತ್ಯವಿಲ್ಲ. ಆದರೆ ಫೋಟೋ ನೋಡಿ ಒಬ್ಬನು ತನ್ನ ಮನಸ್ಸಿನಲ್ಲಿ ಏನೋ ಅಂದುಕೊಳ್ಳುವುದಕ್ಕೂ, ಸಭೆಯೇ ತನ್ನ ಮುದ್ರೆಯ ಕೆಳಗೆ ಬಣ್ಣವನ್ನು ಒಂದು ಅರ್ಹತೆಯೆಂಬಂತೆ ಬರೆಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ವ್ಯಕ್ತಿಯ ದೌರ್ಬಲ್ಯ, ಎರಡನೆಯದು ಸಭೆಯ ಬೋಧನೆ.

ಓದುಗಾರ್ತಿ, ಬೆಂಗಳೂರು

ಕೊನೆಯ ಮಾತನ್ನು ಹಾಗೆಯೇ ಸಮಿತಿಯ ಮುಂದೆ ಓದಬೇಕು. ಆ ಕಾಲಂನಲ್ಲಿ ‘ಎಣ್ಣೆಗೆಂಪು’ ಎಂದೋ ‘ಗೋಧಿಬಣ್ಣ’ ಎಂದೋ ತನ್ನ ಮಗಳ ಬಗ್ಗೆ ಬರೆಯುವ ತಾಯಿಯ ಕೈ ಒಂದು ಕ್ಷಣ ತಡೆಯುತ್ತದೆಯಲ್ಲ, ಆ ತಡೆಯುವಿಕೆಯನ್ನು ಸಭೆಯೇ ಅವಳ ಮೇಲೆ ಹೇರಿದೆ. ಫೋಟೋ ಉಳಿಯುತ್ತದೆಂಬ ಕಾರಣಕ್ಕೆ ಇದನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ಅಂದ ಹಾಗೆ, ‘ಎತ್ತರ’ ಎಂಬ ಕಾಲಂ ಕೂಡ ಇದೆಯೇ? ಸಮುವೇಲನಿಗೆ ದೇವರು ನೋಡಬೇಡವೆಂದು ಹೆಸರಿಟ್ಟು ಹೇಳಿದ್ದು ಅದನ್ನೇ.

ಶಿಕ್ಷಕಿ, ಉಡುಪಿ

ಇದೆ, ಮೈಬಣ್ಣದ ಕಾಲಂನ ಪಕ್ಕದಲ್ಲಿಯೇ ಇದೆ. ಎರಡನ್ನೂ ಸೇರಿಸಿಯೇ ಮನವಿ ಬರೆಯುತ್ತಿದ್ದೇನೆ. ನಮ್ಮ ಸಭಾಪಾಲಕರೊಡನೆ ಮಾತಾಡಿದೆ, ಅವರು ವಿರೋಧಿಸಲಿಲ್ಲ. ಆದರೆ ಕಾಲಂ ತೆಗೆದರೆ ಜನರು ಫೋನ್ ಮಾಡಿ ಕೇಳುತ್ತಾರೆ, ಆಗ ಪುಸ್ತಕ ನೋಡಿಕೊಳ್ಳುವ ಹಿರಿಯರು ಏನು ಹೇಳಬೇಕೆಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ತರಗತಿಯ ಮಕ್ಕಳ ಮುಂದೆಯೂ ಇಟ್ಟೆ. ಆ ವಿವರವನ್ನು ಸಭೆ ಇಟ್ಟುಕೊಳ್ಳುವುದಿಲ್ಲ, ಬೇಕಿದ್ದರೆ ಹುಡುಗಿಯ ಮನೆಗೆ ಬಂದು ಚಹಾ ಕುಡಿದು ಅವಳೊಡನೆ ಮಾತಾಡಿರೆಂದು ಹೇಳಬಹುದೆಂದು ಮೊದಲು ಪ್ರಶ್ನೆ ಕೇಳಿದ ಹುಡುಗಿಯೇ ಸೂಚಿಸಿದಳು. ಮನವಿಯಲ್ಲಿ ಅದನ್ನೂ ಸೇರಿಸಿದ್ದೇನೆ. ತೆಗೆದ ಎರಡು ಕಾಲಂಗಳ ಜಾಗದಲ್ಲಿ ಬೇರೇನಾದರೂ ಇರಬೇಕೆಂದು ಸಮಿತಿ ಕೇಳಿದರೆ ಏನು ಸೂಚಿಸಲಿ?

ನಿವೃತ್ತ ಸಭಾಪಾಲಕ, ಧಾರವಾಡ

ಏನೂ ಬೇಡ. ‘ಗುಣ’ ಎಂದು ಒಂದು ಕಾಲಂ ಮಾಡಿದರೆ ಎಲ್ಲ ತಂದೆತಾಯಂದಿರೂ ಅದರಲ್ಲಿ ‘ಉತ್ತಮ’ ಎಂದೇ ಬರೆಯುತ್ತಾರೆ, ಇಲ್ಲವೆಂದರೆ ಪುಸ್ತಕ ನೋಡಿಕೊಳ್ಳುವ ಹಿರಿಯರು ಎಲೀಯಾಬನ ಕೆಲಸವನ್ನು ವಹಿಸಿಕೊಳ್ಳುತ್ತಾರೆ. ವಿಳಾಸ ಬರೆಯಲು ಇನ್ನೆರಡು ಸಾಲು ಹೆಚ್ಚು ಜಾಗ ಕೊಡಿ, ಮನೆ ಹುಡುಕಿಕೊಂಡು ಬರುವವರಿಗೆ ಅನುಕೂಲವಾಗುತ್ತದೆ.